ಬರಿ ಹಣೆ

ಕುಂಕುಮ ಹೋಗಲಿಲ್ಲ.

ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಯಿತು. ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿದ್ದಾಯಿತು. ಹಣೆಯ ನಡುವೆ ನಾಲ್ಕಾಣೆಯಗಲ ಇದ್ದ ಕೆಂಪು ಈಗ ಹುಬ್ಬಿನ ತನಕ ಇಳಿದು ಗುಲಾಬಿಯಾಗಿ ನಿಂತಿತ್ತು. ಜಸಿಂತಾ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿದಳು.

"ಉಜ್ಜಿದಷ್ಟೂ ಹರಡುತ್ತಮ್ಮ," ಎಂದಳು ರೋಶಿನಿ. ಹತ್ತನೇ ಕ್ಲಾಸಿನ ಮಗಳು. ದಸರಾ ರಜೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಮೊಬೈಲು ನೋಡುತ್ತಲೇ ಇದನ್ನೂ ನೋಡುತ್ತಿದ್ದಳು. "ಬಿಟ್ಬಿಡು. ಚೆನ್ನಾಗೇ ಕಾಣ್ತಾಳೆ."

"ಚೆನ್ನಾಗಿ ಕಾಣೋಕೆ ಇವಳೇನು ಮದುವೆಗೆ ಹೋಗ್ತಿದಾಳಾ."

"ಮತ್ಯಾಕೆ ಅಷ್ಟು ಮುಖ ತೊಳೀತಿದೀಯ."

ಜಸಿಂತಾ ಕಡೂರಿನ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳುತ್ತಿರುವವಳು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಬೋರ್ಡಿನ ಕಡೆ ತಿರುಗಿಬಿಡುವುದು ಅವಳಿಗೆ ಅಭ್ಯಾಸ. ಇಲ್ಲಿ ಬೋರ್ಡು ಇರಲಿಲ್ಲ. ಸಿಂಕಿನ ಕಡೆ ತಿರುಗಿದಳು.

ಸಿಂಕಿನ ಪಕ್ಕದ ಕಟ್ಟೆಯ ಮೇಲೆ ನಿಂತಿದ್ದವಳು ಮಾತೆ ಮರಿಯಮ್ಮ. ಒಂದು ಮೊಳ ಎತ್ತರ, ಪ್ಲಾಸ್ಟರಿನ ಮೈ, ನೀಲಿ ಸೆರಗು. ಅಕ್ಟೋಬರ್ ಜಪಮಾಲೆಯ ತಿಂಗಳು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಎಂದು ಚದುರಿಹೋಗಿರುವ ಇಪ್ಪತ್ತೇಳು ಮನೆಗಳನ್ನು ಆ ತಿಂಗಳು ಈ ಪ್ರತಿಮೆ ದಿನಕ್ಕೊಂದರಂತೆ ಸುತ್ತುತ್ತದೆ. ಒಂದು ಸಂಜೆ ಇಟ್ಟುಕೊಂಡು ಜಪ ಹೇಳಿದವರು ಮಾರನೆಯ ಸಂಜೆಯ ಜಪಕ್ಕೆ ಮುಂದಿನ ಮನೆಗೆ ಮುಟ್ಟಿಸಬೇಕು. ಕಾರಿದ್ದವರು ಕಾರಿನಲ್ಲಿ, ಇಲ್ಲದವರು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು.

ನಿನ್ನೆ ಜಸಿಂತಾಳ ಸರದಿ. ಇವತ್ತು ಅಜ್ಜಂಪುರದ ಆರೋಗ್ಯಮ್ಮನದು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ರಿಟೈರಾದ ಎಂಬತ್ತೊಂದರ ಮುದುಕಿ. ಪ್ರತಿಮೆ ವರ್ಷದ ಉಳಿದ ಹನ್ನೊಂದು ತಿಂಗಳು ಇರುವುದು ಅವಳ ಮನೆಯಲ್ಲೇ. ಫಾದರ್‌ಗೆ ಹೆದರದ ಹೆಂಗಸರೂ ಆರೋಗ್ಯಮ್ಮನ ಬಾಯಿಗೆ ಹೆದರುತ್ತಿದ್ದರು.

ನಿನ್ನೆ ಸಂಜೆ ಇಪ್ಪತ್ತು ನಿಮಿಷದ ಜಪ ಹದಿಮೂರಕ್ಕೆ ಮುಗಿದಿತ್ತು. ಗಂಡ ಸ್ಟ್ಯಾನಿ ಬೀರೂರು ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಲಸದವನು. ಮಣಿ ಉರುಳಿಸುತ್ತಲೇ ಡ್ಯೂಟಿ ಚಾರ್ಟು ನೋಡಿದ. ರೋಶಿನಿ ತುಟಿ ಮಾತ್ರ ಆಡಿಸಿದಳು. ಜಸಿಂತಾ ಬಾಯಲ್ಲಿ ಪ್ರಾರ್ಥನೆ ಹೇಳುತ್ತ ತಲೆಯಲ್ಲಿ ದೋಸೆಗೆ ಅಕ್ಕಿ ನೆನೆಹಾಕಿದ್ದೆನೋ ಇಲ್ಲವೋ ಎಂದು ಯೋಚಿಸಿದಳು. ಹಾಕಿರಲಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಉಪ್ಪಿಟ್ಟು.

ಉಪ್ಪಿಟ್ಟಿನ ಹೊತ್ತಿಗೆ ತ್ರಿವೇಣಿ ಬಂದಳು.

ಅದೇ ಶಾಲೆಯ ಕನ್ನಡ ಟೀಚರು. ಹದಿನಾಲ್ಕು ವರ್ಷದ ಗೆಳತಿ. ಜಸಿಂತಾಳಿಗೆ ಟೈಫಾಯ್ಡ್ ಆದಾಗ ಹನ್ನೆರಡು ದಿನ ಗಂಜಿ ತಂದುಕೊಟ್ಟವಳು. ನಕ್ಕರೆ ಸ್ಟಾಫ್ ರೂಮಿನಿಂದ ಗೇಟಿನ ತನಕ ಕೇಳಿಸಬೇಕು. ಇವತ್ತು ನಗು ಇರಲಿಲ್ಲ. ಕೈಯಲ್ಲಿ ಹಸಿರು ರವಿಕೆ ಕಣದಲ್ಲಿ ಕಟ್ಟಿದ ಗಂಟು.

"ಬೃಂದಾನ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದ್ವಿ ಕಣೇ ಜಸ್ಸಿ. ನಿನ್ನೆಯಿಂದ ನೋವು. ಏಳು ತಿಂಗ್ಳಿಗೇ."

ಬೃಂದಾ ತ್ರಿವೇಣಿಯ ಒಬ್ಬಳೇ ಮಗಳು. ಈಗಾಗಲೇ ಎರಡು ಸಲ ಬಸಿರು ಹೋಗಿತ್ತು. ಇದು ಮೂರನೆಯದು.

"ಡಾಕ್ಟ್ರು ಏನಂದ್ರು."

"ಎರಡು ದಿನ ಕಳೀಲಿ ಅಂದ್ರು. ಮಧ್ಯಾಹ್ನದ ಬಸ್ಸಿಗೆ ನಾನೂ ಹೋಗ್ತೀನಿ." ತ್ರಿವೇಣಿ ನಡುಮನೆಯ ಮೇಜಿನ ಮೇಲಿದ್ದ ಪ್ರತಿಮೆಯ ಕಡೆ ನೋಡಿದಳು. "ನಿಮ್ಮಮ್ಮ ಬಂದಿದಾಳೆ ಅಂತ ಮೊನ್ನೆ ಹೇಳಿದ್ಯಲ್ಲ. ಒಂದ್ ಮಾತು ಹೇಳ್ಕೊಂಡು ಹೋಗ್ತೀನಿ. ಅವಳೂ ಹೆತ್ತೋಳು ತಾನೆ."

"ಹೇಳ್ಕೋ," ಎಂದು ಜಸಿಂತಾ ಕಾಫಿಗೆ ಒಳಗೆ ಹೋದಳು.

ಕಾಫಿ ತಂದಾಗ ಎಲ್ಲ ಮುಗಿದಿತ್ತು. ಪ್ರತಿಮೆಯ ಕಾಲ ಬುಡದಲ್ಲಿ ಮಡಿಲಕ್ಕಿ: ಎರಡು ಸೇರು ಅಕ್ಕಿ, ಅರಿಶಿನದ ಕೊಂಬು, ತೆಂಗಿನಕಾಯಿ, ರವಿಕೆ ಕಣ. ಹಣೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದ ಕುಂಕುಮ. ತ್ರಿವೇಣಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಸದ್ದಿಲ್ಲದ, ಸೆರಗಿನಿಂದ ಒರೆಸಿಕೊಳ್ಳದ, ಕಣ್ಣೀರನ್ನು ಇಳಿಯಲು ಬಿಟ್ಟ ಅಳು.

ಜಸಿಂತಾಳಿಗೆ ಹೊಟ್ಟೆಕಿಚ್ಚಾಯಿತು. ಗೆಳತಿಯ ಮಗಳು ಆಸ್ಪತ್ರೆಯಲ್ಲಿ ಮಲಗಿರುವಾಗ ಆಗಬಾರದ್ದು, ಆಯಿತು. ತಾನು ಹುಟ್ಟಿದಾಗಿನಿಂದ ಈ ಮುಖದ ಮುಂದೆ ಮಂಡಿಯೂರಿದ್ದಾಳೆ. ಕೊನೆಯ ಸಲ ಅತ್ತಿದ್ದು ಯಾವಾಗ ಎಂದು ನೆನಪಾಗಲಿಲ್ಲ.

"ಬರಿ ಹಣೇಲಿ ನಿಂತಿದ್ಲು ಕಣೇ. ನೋಡಕ್ಕಾಗ್ಲಿಲ್ಲ," ಎಂದಳು ತ್ರಿವೇಣಿ ಮೂಗು ಒರೆಸಿಕೊಳ್ಳುತ್ತ. "ತಪ್ಪಾಯ್ತಾ?"

"ಇಲ್ಲ ಬಿಡು. ಕಾಫಿ ಕುಡಿ."

ನಮ್ಮಲ್ಲಿ ಇಡುವುದಿಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳದೆ ಇರುವುದು ಜಸಿಂತಾಳಿಗೆ ಸುಲಭ. ಅವಳಿಗೆ ಎರಡು ಹಣೆ. ಶಾಲೆಗೆ ಹೋಗುವಾಗ ಬಚ್ಚಲ ಕನ್ನಡಿಯ ಮೂಲೆಗೆ ಅಂಟಿಸಿಟ್ಟ ಮರೂನ್ ಸ್ಟಿಕ್ಕರ್ ತೆಗೆದು ಹಚ್ಚಿಕೊಳ್ಳುತ್ತಾಳೆ. ಭಾನುವಾರ ಚರ್ಚಿನ ಪೂಜೆಗೆ ಹೊರಡುವಾಗ ಅದನ್ನು ಮತ್ತೆ ಕನ್ನಡಿಗೆ ಅಂಟಿಸುತ್ತಾಳೆ. ಹಚ್ಚಿಕೋ ಎಂದು ಶಾಲೆಯವರು ಅಂದಿಲ್ಲ, ತೆಗೆ ಎಂದು ಚರ್ಚಿನವರೂ ಅಂದಿಲ್ಲ. ಎರಡೂ ಕಡೆ ಯಾರೂ ಏನೂ ಕೇಳದೆ ಇದ್ದರೆ ಸಾಕು ಎಂಬುದೊಂದೇ ಅವಳಲ್ಲಿ ಗಟ್ಟಿಯಾಗಿ ಉಳಿದಿದ್ದ ನಂಬಿಕೆ.

ತ್ರಿವೇಣಿ ಹೋದ ಮೇಲೆ ಭಯ ಶುರುವಾಯಿತು. ಕುಂಕುಮದ ಮಾತೆಯನ್ನು ಆರೋಗ್ಯಮ್ಮನ ಮುಂದೆ ಇಟ್ಟರೆ ಯಾರು ಇಟ್ಟದ್ದು ಎಂದು ಕೇಳುತ್ತಾಳೆ. ಹೆಸರು ಹೇಳಿದರೆ ಸಂಜೆಯ ಜಪಕ್ಕೆ ಬಂದ ಹೆಂಗಸರೆಲ್ಲ ಕೇಳಿಸಿಕೊಳ್ಳುತ್ತಾರೆ. ಮಾತು ಊರಾಡುತ್ತದೆ. ಕಳೆದ ವರ್ಷ ಎಲ್ಲೋ ಒಂದು ಮನೆಯ ಪ್ರಾರ್ಥನೆಗೆ ನಾಲ್ಕು ಜನ ನುಗ್ಗಿ, ಬೇರೆ ಜಾತಿಯವರು ಯಾರು ಬಂದಿದ್ದೀರಿ ಎಂದು ಹೆಸರು ಬರೆದುಕೊಂಡು ಹೋಗಿದ್ದರಂತೆ. ತ್ರಿವೇಣಿ ಮತ ಬಿಟ್ಟಳಂತೆ ಎಂದು ಅವಳ ಗಂಡ ಶಿವಪ್ರಸಾದನ ಅಣ್ಣತಮ್ಮಂದಿರಿಗೆ ಯಾರಾದರೂ ಊದಿದರೆ? ಬಿಡಿಸಿದ್ದು ಜಸಿಂತಾ ಟೀಚರಂತೆ ಎಂದು ಶಾಲೆಯಲ್ಲಿ ಅಂದರೆ?

ತ್ರಿವೇಣಿಗೋಸ್ಕರ ಒರೆಸುತ್ತಿದ್ದೇನೆ ಎಂದುಕೊಂಡಳು. ಅರ್ಧ ನಿಜ. ಉಳಿದರ್ಧವನ್ನು ಅವಳು ಹೆಚ್ಚು ನೋಡಲು ಹೋಗಲಿಲ್ಲ.

ಕೊಬ್ಬರಿ ಎಣ್ಣೆ ಹಚ್ಚಿದಳು. ಗುಲಾಬಿ ಮಿರಿಮಿರಿ ಮಿಂಚಿತು.

"ನನ್ನ ನೈಲ್ ಪಾಲಿಶ್ ರಿಮೂವರ್ ಇದೆ, ಕೊಡ್ಲಾ?" ರೋಶಿನಿ ತಮಾಷೆಗೆ ಅಂದದ್ದು.

"ಕೊಡು."

"ಅಮ್ಮಾ, ಬಣ್ಣಾನೂ ಬರುತ್ತೆ. ನೀನೇ ಪಾಠ ಮಾಡಿದ್ಯಲ್ಲ, ದ್ರಾವಕ, ದ್ರಾವ್ಯ ಅಂತೆಲ್ಲ."

"ಕೊಡು ಅಂದೆ."

ಹತ್ತಿಗೆ ಎರಡು ಹನಿ. ಹಣೆಯ ನಡುವೆ ಒತ್ತಿದಳು. ಕುಂಕುಮ ಬಂತು. ಹಣೆಯ ಬಣ್ಣವೂ ಬಂತು. ಬಿಳಿ ಪ್ಲಾಸ್ಟರಿನ ಒಂದು ಬೊಟ್ಟು ಕಂಡಿತು. ಅಂಚು ಸಮ ಮಾಡೋಣ ಎಂದು ಇನ್ನೊಂದು ಸಲ ಒತ್ತಿದಳು. ಎಡಹುಬ್ಬು ಹೋಯಿತು. ಬಲಹುಬ್ಬು ಒಂದೇ ಉಳಿದರೆ ಅಣಕಿಸಿದಂತೆ ಕಾಣುತ್ತದೆ ಎಂದು ಅದನ್ನೂ ತೆಗೆದಳು. ಕರಗಿದ ಕಪ್ಪು ಕಣ್ಣಿಗಿಳಿಯಿತು. ಕಣ್ಣಿನ ನೀಲಿ ಕೆನ್ನೆಗಿಳಿಯಿತು. ಆಮೇಲೆ ಅವಳು ನಿಲ್ಲಿಸಬಹುದಿತ್ತು, ಕೈ ನಿಲ್ಲಲಿಲ್ಲ. ಕೆನ್ನೆಯ ನೀಲಿ ತೆಗೆಯಲು ಹೋಗಿ ತುಟಿಯೂ ಹೋಯಿತು.

ರೋಶಿನಿ ಮೊಬೈಲು ಕೆಳಗಿಟ್ಟಿದ್ದಳು.

"ಅಮ್ಮ. ಮುಖಾನೇ ಇಲ್ಲ."

ಕಟ್ಟೆಯ ಮೇಲೆ ನೀಲಿ ಸೆರಗಿನೊಳಗೆ ಸುಣ್ಣದ ಗಟ್ಟಿಯೊಂದು ಇತ್ತು. ಮೂಗಿನ ಉಬ್ಬು ಮಾತ್ರ ಉಳಿದಿತ್ತು. ಕೈಗಳು ಮೊದಲಿನಂತೆಯೇ ಜೋಡಿಕೊಂಡಿದ್ದವು.

"ನಾನು ಪೆನ್ಸಿಲಲ್ಲಿ ಕಣ್ಣು ಬರೀಲಾ?" ಎಂದು ಮಗಳು ಮೆಲ್ಲಗೆ ಕೇಳಿದಳು. ಈ ಸಲ ತಮಾಷೆ ಇರಲಿಲ್ಲ.

"ಬೇಡ. ಊಟ ಮಾಡು ಹೋಗು."

ಸ್ಟ್ಯಾನಿಗೆ ಫೋನು ಮಾಡಿದಳು. ಹಿಂದೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಎರಡು ಸಲ ಹೇಳಬೇಕಾಯಿತು.

"ಬಿತ್ತು ಅಂತ ಹೇಳು."

"ಬಿದ್ರೆ ಒಡೆಯುತ್ತೆ. ಮುಖ ಅಳಿಸಲ್ಲ."

"ಹಂಗಾದ್ರೆ ತ್ರಿವೇಣಿ ಕುಂಕುಮ ಇಟ್ರು ಅಂತ ನಿಜಾನೇ ಹೇಳು. ಅವರನ್ನ ಯಾರೇನು ನೇಣಿಗೆ ಹಾಕ್ತಾರಾ."

"ಮುಖ ಅಳಿಸಿದ್ದು ನಾನು."

"ಹಂಗಾದ್ರೆ ಸುಮ್ನಿರು." ಅವನನ್ನು ಯಾರೋ ಕೂಗಿದರು. "ಸಂಜೆ ಮಾತಾಡೋಣ."

ಸಂಜೆ ಮಾತಾಡೋಣ ಎಂಬುದು ಆ ಮನೆಯಲ್ಲಿ ಮಾತು ಮುಗಿಸುವ ಕ್ರಮ. ಅವರು ಹತ್ತಾರು ವರ್ಷಗಳಿಂದ ಸಂಜೆ ಏನೂ ಮಾತಾಡಿರಲಿಲ್ಲ.

ರೋಶಿನಿ ಕೂಸಾಗಿದ್ದಾಗಿನ ಟೋಪಿ ಇರುವ ಉಣ್ಣೆಯ ಹೊದಿಕೆ ಬೀರುವಿನ ತಳದಲ್ಲಿತ್ತು. ಪ್ರತಿಮೆಯನ್ನು ಅದರಲ್ಲಿ ಸುತ್ತಿ, ಟೋಪಿಯನ್ನು ಮುಖದ ಮೇಲೆ ಎಳೆದು ಬ್ಯಾಗಿಗಿಳಿಸಿದಳು. ಮಡಿಲಕ್ಕಿ ಉಳಿಯಿತು. ಎಸೆಯಲು ಕೈ ಬರಲಿಲ್ಲ, ಮನೆಯಲ್ಲಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ದಾರಿಯಲ್ಲಿ ಯಾರಿಗಾದರೂ ಕೊಟ್ಟರಾಯಿತೆಂದು ಗಂಟು ಕಟ್ಟಿ ಅದೇ ಬ್ಯಾಗಿನ ತಳಕ್ಕೆ ಹಾಕಿದಳು. ಹೊರಡುವ ಮುನ್ನ ಕನ್ನಡಿ ನೋಡಿಕೊಂಡಳು. ಬಸ್ಸಿಗೆ ಸ್ಟಿಕ್ಕರ್ ಬೇಕು, ಆರೋಗ್ಯಮ್ಮನ ಮನೆಗೆ ಬೇಡ. ಬರಿ ಹಣೆಯಲ್ಲೇ ಹೊರಟಳು.

ಕಡೂರು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ತ್ರಿವೇಣಿಯ ಫೋನು ಬಂತು.

"ಜಸ್ಸಿ, ತರೀಕೆರೆ ದಾಟ್ದೆ ಈಗ. ಬೃಂದಾಗೆ ನೋವು ನಿಂತಿದೆಯಂತೆ ಕಣೇ. ಹನ್ನೊಂದೂವರೆಯಿಂದ ಇಲ್ವಂತೆ. ನಾನು ಕುಂಕುಮ ಇಟ್ಟಿದ್ದು ಎಷ್ಟೊತ್ತಿಗೆ?"

"ಹತ್ತೂವರೆ ಇರ್ಬೇಕು."

"ನೋಡಿದ್ಯಾ. ಕೇಳಿಸ್ಕೊಂಡ್ಲು. ಕುಂಕುಮ ಹಂಗೇ ಇದೆ ತಾನೆ?"

ಹಾಸನದ ಬಸ್ಸು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರು ಬಸ್ಸಿನ ತಗಡು ತಟ್ಟುತ್ತಿದ್ದ. ಜಸಿಂತಾ ಆ ಸದ್ದು ಮುಗಿಯುವ ತನಕ ಕಾದಳು.

"ಇದೆ," ಎಂದಳು.

"ಅಳಿಸ್ಬೇಡ ಕಣೇ, ಕೂಸು ಕೈಗೆ ಬರೋ ತನಕ. ಮುಂದಿನ ಮನೆಯವರಿಗೂ ಹೇಳು. ಒಂದ್ ಫೋಟೋ ತೆಗ್ದು ಕಳ್ಸೇ, ಬೃಂದಾಗೆ ತೋರಿಸ್ತೀನಿ. ಹುಡುಗಿಗೆ ಧೈರ್ಯ ಬರುತ್ತೆ."

"ಬಸ್ ಬಂತು. ಆಮೇಲೆ ಮಾಡ್ತೀನಿ."

ಬಸ್ಸು ಬಂದಿರಲಿಲ್ಲ. ಇನ್ನೂ ಇಪ್ಪತ್ತು ನಿಮಿಷ ಅವಳು ಅಲ್ಲೇ ನಿಂತಿದ್ದಳು.

ಅಜ್ಜಂಪುರದ ಆರೋಗ್ಯಮ್ಮನ ಮನೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ ಆಗಿತ್ತು. ಎರಡು ಮೇಣದ ಬತ್ತಿ, ಒಂದು ಲೋಟದಲ್ಲಿ ದಾಸವಾಳ. ಮುದುಕಿ ಕುರ್ಚಿಯಿಂದ ಏಳಲಿಲ್ಲ.

"ತಂದ್ಯಾ. ಇಲ್ಲಿ ಕೊಡು."

ತೊಡೆಯ ಮೇಲಿಟ್ಟುಕೊಂಡು ಹೊದಿಕೆ ಬಿಡಿಸಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಹೆಬ್ಬೆರಳನ್ನು ಕಣ್ಣಿರಬೇಕಾದ ಜಾಗದಲ್ಲಿ ಆಡಿಸಿದಳು.

"ಏನಾಯ್ತು."

"ಕೊಳೆಯಾಗಿತ್ತು ದೊಡ್ಡಮ್ಮ. ತೊಳೆಯೋಣ ಅಂತ ಹೋದೆ."

"ಯಾರಾದ್ರೂ ಬಂದಿದ್ರಾ ಮನೆಗೆ."

"ಇಲ್ಲ."

"ನಿನ್ ಜೊತೆ ಟೀಚರು ಒಬ್ಳು ಇದ್ಲಲ್ಲ. ಕ್ರಿಸ್‌ಮಸ್‌ಗೆ ಬಂದಿದ್ಲು. ಜೋರಾಗಿ ನಗೋಳು."

"ಅವ್ಳು ಈಗ ಅಷ್ಟಾಗಿ ಬರಲ್ಲ."

"ಯಾರೂ ಬರ್ಲಿಲ್ಲ ಹಂಗಾದ್ರೆ."

"ಯಾರೂ ಇಲ್ಲ ದೊಡ್ಡಮ್ಮ. ನಾವು ಮೂರೇ ಜನ."

ಆರೋಗ್ಯಮ್ಮ ಬ್ಯಾಗಿನತ್ತ ಬಾಗಿದಳು. ಪ್ರತಿಮೆಯ ಜೊತೆಗೆ ಬರಬೇಕಾದ ಜಪದ ಪುಸ್ತಕಕ್ಕೆ ಕೈ ಹಾಕಿದ್ದು. ಬಂದದ್ದು ಹಸಿರು ಗಂಟು. ಜಸಿಂತಾ ಅದನ್ನು ಮರೆತೇಬಿಟ್ಟಿದ್ದಳು. ಮುದುಕಿ ಗಂಟು ಬಿಚ್ಚಿ ಅಕ್ಕಿ ನೋಡಿದಳು, ಅರಿಶಿನದ ಕೊಂಬು ನೋಡಿದಳು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

ಬೈಯುತ್ತಾಳೆ ಎಂದು ಜಸಿಂತಾ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಕುಂಕುಮ ಇಟ್ಲಾ," ಎಂದಳು ಆರೋಗ್ಯಮ್ಮ.

ಜಸಿಂತಾ ಹೌದೆಂದು ತಲೆಯಾಡಿಸಿದಳು.

"ತರೀಕೆರೇಲಿ ಇಡ್ತಾರೆ. ಬೀರೂರಲ್ಲಿ ಇಡ್ತಾರೆ. ಮೊನ್ನೆ ಚೌರಪ್ಪನ ಮನೇಲಿ ಪಕ್ಕದ ಮನೆ ಈಶ್ವರಮ್ಮ ಇಟ್ಟಿದ್ಲಂತೆ. ಮೂವತ್ತು ವರ್ಷದಿಂದ ಇಡ್ತಾರೆ ಕಣಮ್ಮಾ. ತಿಂಗಳು ಮುಗಿದ್ಮೇಲೆ ಸಣ್ಣ ಡಬ್ಬಿ ಬಣ್ಣ ತರ್ಸಿ ಹಣೆಗೆ ಎರಡು ಕೈ ಹೊಡೀತೀನಿ. ವರ್ಷ ವರ್ಷಾ ಹೊಡೆದು ಹೊಡೆದು ಹಣೆ ಬಣ್ಣಾನೇ ಬೇರೆ, ಕೆನ್ನೆ ಬಣ್ಣಾನೇ ಬೇರೆ ಆಗೋಗಿತ್ತು. ನೀನು ನೋಡ್ಲಿಲ್ವಾ?"

ನೋಡಿರಲಿಲ್ಲ. ಹಣೆಯ ಬಣ್ಣ ಯಾವುದಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದಳು. ಬರಲಿಲ್ಲ. ಕಣ್ಣು ತೆರೆದಿತ್ತೋ, ಕೆಳಗೆ ನೋಡುತ್ತಿತ್ತೋ ಅದೂ ಬರಲಿಲ್ಲ. ಅವಳೇ ಅಳಿಸಿದ ಕಣ್ಣು.

"ಒಂದ್ ದಿನ ಪೂರ್ತಿ ನಿನ್ ಮನೇಲಿದ್ಲು," ಎಂದಳು ಆರೋಗ್ಯಮ್ಮ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಬರೀ ದಣಿವು. "ಹಣೆಗೆ ಹಚ್ಚೋದು ಗೊತ್ತು ನಂಗೆ. ಮುಖ ಬರೆಯಕ್ಕೆ ಬರಲ್ಲ."

ತಾನು ಚರ್ಚಿಗೆ ಹೊದ್ದು ಹೋಗುವ ಬಿಳಿ ಮುಸುಕನ್ನು ತರಿಸಿ, ಪ್ರತಿಮೆಗೆ ತಲೆಯಿಂದ ಎದೆಯವರೆಗೆ ಹೊದಿಸಿ ಮೇಜಿನ ಮೇಲೆ ನಿಲ್ಲಿಸಿದಳು. ಆಮೇಲೆ ಮಡಿಲಕ್ಕಿಯ ಗಂಟನ್ನು ಮತ್ತೆ ಕಟ್ಟಿ, ಕಾಯಿಯನ್ನು ಅದರ ಮೇಲಿಟ್ಟು, ಎರಡನ್ನೂ ಉಣ್ಣೆಯ ಹೊದಿಕೆಯಲ್ಲಿ ಬಿಗಿಯಾಗಿ ಸುತ್ತಿದಳು. ನಲವತ್ತು ವರ್ಷ ಹಸಿ ಕೂಸುಗಳನ್ನು ಸುತ್ತಿದ ಕೈ. ಬೇರೆ ಥರ ಸುತ್ತಲು ಅದಕ್ಕೆ ಬರುತ್ತಿರಲಿಲ್ಲ.

"ಇದನ್ನ ತಂದೋಳಿಗೆ ವಾಪಸ್ ಕೊಡು. ಯಾರೋ ಬಸುರಿ ಇರ್ಬೇಕು, ಮಡಿಲಕ್ಕಿ ಸುಮ್ನೆ ತರಲ್ಲ. ಮಾತೆ ಹತ್ರ ಇದ್ದ ಅಕ್ಕಿ, ಅನ್ನ ಮಾಡಿ ಹುಡುಗಿಗೆ ಹಾಕ್ಲಿ. ಯಾರ್ದು?"

"ಗೊತ್ತಿರೋರದು."

"ಹೂಂ," ಎಂದಳು ಮುದುಕಿ. "ಜಪಕ್ಕೆ ನಿಲ್ತೀಯಾ?"

"ಮಗಳು ಒಬ್ಬಳೇ ಇದಾಳೆ ದೊಡ್ಡಮ್ಮ."

ಬೀದಿಗಿಳಿದಾಗ ಹೆಂಗಸರು ಒಬ್ಬೊಬ್ಬರೇ ಬರುತ್ತಿದ್ದರು. ಬರುವವರು ನಕ್ಕರು. ಅವಳೂ ನಕ್ಕಳು. ಫೋನು ತೆಗೆದು ನೋಡಿದಳು. ತ್ರಿವೇಣಿಯ ಎರಡು ಮೆಸೇಜು: ಮೊದಲನೆಯದು, ಫೋಟೋ? ಎರಡನೆಯದರಲ್ಲಿ ಬರೀ ಒಂದು ಜೋಡಿಸಿದ ಕೈ. ಅದು ಸಂತೋಷದ್ದೋ ಗಾಬರಿಯದ್ದೋ ಗೊತ್ತಾಗಲಿಲ್ಲ. ನಿಜ ಹೇಳಿಬಿಡಬೇಕು, ಈಗಲೇ, ಇಲ್ಲೇ ನಿಂತು, ಎಂದು ಅವಳಿಗೆ ಬಲವಾಗಿ ಅನ್ನಿಸಿತು. ಬೆರಳು ಹೆಸರಿನ ಮೇಲೆ ಹೋಯಿತು. ಅಷ್ಟರಲ್ಲಿ ಬಸ್ಸು ಬಂತು. ಈ ಸಲ ನಿಜವಾಗಿಯೂ ಬಂತು.

ಬಸ್ಸು ಗಿಜಿಗುಡುತ್ತಿತ್ತು. ಹೊರಗೆ ಕತ್ತಲಾಗುತ್ತಿತ್ತು, ಒಳಗಿನ ದೀಪ ಹಾಕಿರಲಿಲ್ಲ. ಅವಳು ಎದೆಗವುಚಿಕೊಂಡ ಹೊದಿಕೆಯನ್ನು ಕಂಡಕ್ಟರು ಬಾಗಿಲಿನಿಂದಲೇ ನೋಡಿದ.

"ಕೈಯಲ್ಲಿ ಕೂಸೈತೆ. ಯಾರಾದ್ರೂ ಎದ್ದು ಜಾಗ ಕೊಡ್ರಪ್ಪಾ."

ಅಲ್ಲ, ಅಕ್ಕಿ, ಎನ್ನಬೇಕಿತ್ತು. ಒಬ್ಬ ರೈತ ಎದ್ದು ನಿಂತಾಗಿತ್ತು. ಜಸಿಂತಾ ಕೂತಳು. ಬರುವಾಗಲೂ ಬಸ್ಸಿನಲ್ಲಿ ನಿಂತೇ ಬಂದಿದ್ದವಳು ಬೆಳಿಗ್ಗೆಯಿಂದ ಮೊದಲ ಸಲ ಕೂತದ್ದು, ಕಾಲು ಜುಮ್ಮೆಂದಿತು.

ಪಕ್ಕದಲ್ಲಿ ಅಂತರಘಟ್ಟೆ ಕಡೆಯ ಮುದುಕಿಯೊಬ್ಬಳಿದ್ದಳು. ಬಾಯಲ್ಲಿ ಎಲೆಯಡಿಕೆ.

"ಮಲ್ಗೈತಾ?"

"ಹೂಂ."

"ಯಾರ್ ಕೂಸವ್ವಾ, ಮಗಳದಾ?"

"ನಮ್ಮ ತ್ರಿವೇಣಿ ಮಗಳದು," ಎಂದಳು ಜಸಿಂತಾ. ಆ ಹೆಸರನ್ನು ಅವಳು ಹೊರಗಿನವರ ಮುಂದೆ ಆ ದಿನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಎಷ್ಟು ತಿಂಗ್ಳು?"

"ಏಳು."

"ಮುಖದ್ ಮೇಲಿಂದ ಬಟ್ಟೆ ತೆಗಿ ಮಗಾ. ಉಸ್ರು ಕಟ್ತದೆ."

ಬ್ಯಾಗಿನಲ್ಲಿ ಫೋನು ಅದುರತೊಡಗಿತು. ಬೇರೆ ಯಾರೂ ಆಗಿರಲಾರರು. ಜಸಿಂತಾ ಹೊದಿಕೆಯ ಟೋಪಿಯನ್ನು ತೆಂಗಿನಕಾಯಿಯ ಮೇಲೆ ಇನ್ನಷ್ಟು ಕೆಳಕ್ಕೆ ಎಳೆದಳು. ಫೋನು ನಿಂತಿತು. ಮತ್ತೆ ಶುರುವಾಯಿತು. ಕೂಸು ಎದ್ದೀತೆಂದು ಮುದುಕಿ ದನಿ ತಗ್ಗಿಸಿ, "ತಟ್ಟವ್ವಾ, ತಟ್ಟು," ಎಂದಳು.

ಅವಳು ತಟ್ಟಿದಳು. ಒಳಗೆ ಅಕ್ಕಿ ಸ್ವಲ್ಪ ಸರಿದಾಡಿತು.